ಡಾ. ಹೋಮಿ ಜಹಾಂಗೀರ್ ಭಾಭಾ (1909-1966)

ಭಾರತದ ಪರಮಾಣು ಕಾರ್ಯಕ್ರಮಕ್ಕೆ ಬುನಾದಿ ಹಾಕಿದ ಡಾ. ಹೋಮಿ ಜಹಾಂಗೀರ್ ಭಾಭಾರವರು 1909ರ ಅಕ್ಟೋಬರ್ 30ರಂದು ಮುಂಬಯಿಯಲ್ಲಿ ಜನಿಸಿದರು. ಕೇಂಬ್ರಿಡ್ಜ್‌ನಲ್ಲಿ ವ್ಯಾಸಂಗ ಮಾಡಿದ ಇವರು 1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಮಹಾಯುದ್ಧ ಆರಂಭವಾದ್ದರಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ವಿಶ್ವಕಿರಣಗಳ ಸಂಶೋಧನೆ ಕೈಗೊಂಡರು.

1948ರಲ್ಲಿ ರಚಿತವಾದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದ ಇವರು, 1954ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿಯೂ ಆದರು. 1956ರಲ್ಲಿ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನಿಯಮಾವಳಿಯು ಚರ್ಚೆಗೆ ಬಂದಾಗ, ನೆರವು ಪಡೆಯುವ ದೇಶಗಳು ಮಾತ್ರ ತಪಾಸಣೆಗೆ ಒಳಪಟ್ಟು, ಅಣ್ವಸ್ತ್ರವುಳ್ಳ ದೇಶಗಳು ಹೊರಗುಳಿಯುವುದು ನ್ಯಾಯವಲ್ಲವೆಂದು ಪ್ರತಿಪಾದಿಸಿದರು. ಆದಾಗ್ಯೂ 1963ರಲ್ಲಿ ತಾರಾಪುರ ವಿದ್ಯುತ್ ಸ್ಥಾವರದ ಸಂಬಂಧ ಅಮೆರಿಕದೊಡನೆ ಏರ್ಪಟ್ಟ ಒಪ್ಪಂದದಲ್ಲಿ ಅಂತಹುದೇ ತಪಾಸಣೆಗೆ ಭಾರತವು ಸಮ್ಮತಿಸಬೇಕಾಯಿತು; ಸ್ಥಾವರಕ್ಕೆ ಬೇಕಾದ ಸಂವರ್ಧಿತ ಯುರೇನಿಯಂ ಆ ದೇಶದಿಂದಲೇ ಬರಬೇಕಿತ್ತು.

ದೇಶದೊಳಗಿನ ಸುರಕ್ಷತೆಯ ವಿಷಯ ಬೇರೆಯದೇ ಆಗಿತ್ತು. ಭಾಭಾರವರ ಕಾಲದಲ್ಲಿ ಸ್ಥಾವರಗಳನ್ನು ಕಟ್ಟುವ ಹೊಣೆಯೂ ಅವುಗಳ ಸುರಕ್ಷತೆಯನ್ನು ಪರಿಶೀಲಿಸುವ ಹೊಣೆಯೂ ಒಂದೇ ಇಲಾಖೆಯಲ್ಲಿದ್ದವು. ಲೆಕ್ಕ ಬರೆದವರೇ ಲೆಕ್ಕ ಪರಿಶೋಧನೆ ಮಾಡಿದಂತಹ ಈ ಏರ್ಪಾಡು, ಅಧಿಕಾರಿಗಳು ಎಷ್ಟೇ ಸಮರ್ಥರಾಗಿದ್ದರೂ ಸಾಲದು.

1966ರ ಜನವರಿ 24ರಂದು, ಅಂತಾರಾಷ್ಟ್ರೀಯ ಸಂಸ್ಥೆಯ ಸಭೆಗಾಗಿ ವಿಯೆನ್ನಾಕ್ಕೆ ತೆರಳುತ್ತಿದ್ದ ಭಾಭಾರವರು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತದಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ನಿಧನರಾದರು. ಇವರ ಅವಧಿಯಲ್ಲಿ ಜಾರಿಗೆ ಬಂದಿದ್ದ 1962ರ ಪರಮಾಣು ಶಕ್ತಿ ಅಧಿನಿಯಮದ ಅಧಿಕಾರವನ್ನು ಬಳಸಿ, 1983ರ ನವೆಂಬರ್ 15ರಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು ರಚಿಸಲಾಯಿತು. ಆ ಮಂಡಳಿಯೂ ಅಂದು ವರದಿ ಸಲ್ಲಿಸಬೇಕಾಗಿದ್ದುದು ಪರಮಾಣು ಶಕ್ತಿ ಆಯೋಗಕ್ಕೇ.