ಜೇನಿನ ಕಣ್ಣನ್ನು ಅರಿತ ಕಾರ್ಲ್ ಫಾನ್ ಫ್ರಿಶ್

ಹೂವಿನ ಬಣ್ಣಕ್ಕೆ ದುಂಬಿ ಮರುಳಾಗುವುದೆಂಬುದು ಕವಿಗಳ ನಂಬಿಕೆ. ಜೇನಿಗೆ ವರ್ಣದೃಷ್ಟಿಯೇ ಇಲ್ಲ, ಅದು ಕಾಣುವುದು ಬೆಳಕಿನ ಹೆಚ್ಚುಕಡಿಮೆಯನ್ನು ಮಾತ್ರ ಎಂದು ಮ್ಯೂನಿಕ್ಕಿನ ಪ್ರಖ್ಯಾತ ನೇತ್ರಶಾಸ್ತ್ರಜ್ಞ ಕಾರ್ಲ್ ಫಾನ್ ಹೆಸ್ ಸಾರಿದರು. ಆ ಹಿರಿಯರನ್ನು ಎದುರಿಸಿದ ತರುಣರೇ 1886ರಲ್ಲಿ ವಿಯೆನ್ನಾದಲ್ಲಿ ಜನಿಸಿದ ಫ್ರಿಶ್.

ಅವರ ಪರೀಕ್ಷೆ ಸರಳವಾದುದು. ಮೇಜಿನ ಮೇಲೆ ನೀಲಿ ಕಾಗದವೊಂದು. ಸುತ್ತಲೂ ಬಿಳುಪಿನಿಂದ ಕಪ್ಪಿನವರೆಗಿನ ನಾನಾ ಛಾಯೆಯ ಬೂದುಕಾಗದಗಳು. ನೀಲಿಯ ಮೇಲೆ ಮಾತ್ರ ಸಕ್ಕರೆನೀರು. ಜೇನುಗಳಿಗೆ ರೂಢಿಯಾದ ಬಳಿಕ ಕಾಗದಗಳನ್ನು ಸ್ಥಾನಪಲ್ಲಟಗೊಳಿಸಿ ಬರಿದಾದ ಬಟ್ಟಲುಗಳನ್ನಿಟ್ಟರು. ವರ್ಣಜ್ಞಾನವಿಲ್ಲದಿದ್ದರೆ ಯಾವುದಾದರೊಂದು ಬೂದುಛಾಯೆ ನೀಲಿಯಂತೆಯೇ ತೋರಿ ಅವು ಮೋಸಹೋಗಬೇಕಿತ್ತು. ಹೋಗಲಿಲ್ಲ, ನೀಲಿಯನ್ನೇ ಮುತ್ತಿದವು. ಕೆಂಪನ್ನು ಮಾತ್ರ ಕಪ್ಪಿನಿಂದ ಬೇರ್ಪಡಿಸಲಾರದೆ ಹೋದವು. 1914ರಲ್ಲಿ ಇದು ಪ್ರಕಟವಾದರೂ ಹೆಸ್ ಒಪ್ಪಲಿಲ್ಲ.

1941ರಲ್ಲಿ ನಾಜಿ ಸರ್ಕಾರವು, ಮಾತೃವಂಶದಲ್ಲಿ ಯಹೂದಿ ಸಂಬಂಧವಿದೆಯೆಂದು, ಮ್ಯೂನಿಕ್ ವಿಶ್ವವಿದ್ಯಾಲಯದ ಪೀಠದಿಂದ ಅವರನ್ನು ತೆಗೆಯಹೊರಟಿತು. ಆಗ ನೊಸೆಮಾ ರೋಗವು ಜೇನುಗೂಡುಗಳನ್ನು ಹಾಳುಗೆಡವುತ್ತಿದ್ದುದರಿಂದ ಅವರ ಸಂಶೋಧನೆ ಅನಿವಾರ್ಯವಾಯಿತು. ಜೇನೇ ಗುರುವನ್ನು ಕಾಯಿತೆನ್ನಬೇಕು.

1964ರಲ್ಲಿ ಅವರ ಪೀಠದ ಉತ್ತರಾಧಿಕಾರಿ ಔಟ್ರುಮ್ ಮತ್ತು ಸಂಗಡಿಗರು ಜೇನುಗಣ್ಣಿನ ಕೋಶಗಳ ವಿದ್ಯುತ್ ಸ್ಪಂದನವನ್ನೇ ಅಳೆದರು. ನೇರಳಾತೀತಕ್ಕೊಂದು, ನೀಲಿಗೊಂದು, ಹಸಿರಿಗೊಂದು ಎಂದು ಮೂರು ಬಗೆಯ ಕೋಶಗಳು ಕಂಡುಬಂದವು. ಕೆಂಪಿಗೆಂದು ಪ್ರತ್ಯೇಕ ಕೋಶವಿರಲಿಲ್ಲ. ಫ್ರಿಶ್‌ರವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1982ರಲ್ಲಿ ಮ್ಯೂನಿಕ್ಕಿನಲ್ಲಿ ನಿಧನರಾದರು.