ನೆಲೆಯನ್ನರಸಿದ ಫ್ರೆಡರಿಕ್ ಡಗ್ಲಸ್

ಮನುಷ್ಯನು ತಾನು ಹುಟ್ಟುವ ಊರನ್ನು ಆರಿಸಿಕೊಳ್ಳಲಾರನು. ಬಾಳುವ ಊರನ್ನಾದರೂ ಆರಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಪದವಿ ಮುಗಿದ ಮೇಲೆ ಎಲ್ಲಿಗೆ ಹೋಗುವುದೆಂದು ನಮ್ಮಲ್ಲಿ ಅನೇಕರು ಈಗಲೇ ಯೋಚಿಸುತ್ತಿದ್ದೇವೆ. ಸಂಬಳವೆಷ್ಟು, ಮನೆಬಾಡಿಗೆಯೆಷ್ಟು, ಹವೆ ಒಗ್ಗುವುದೇ, ನಮ್ಮವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತೇವೆ. ಅಲ್ಲಿಯ ಕಾಯಿದೆ ನಮ್ಮನ್ನು ಮನುಷ್ಯರೆಂದು ಎಣಿಸುವುದೋ ಇಲ್ಲವೋ ಎಂದು ವಿಚಾರಿಸುವ ಪ್ರಸಂಗ ನಮಗೆ ಬರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಎಲ್ಲಕ್ಕಿಂತ ಮೊದಲು ಈ ಪ್ರಶ್ನೆಯನ್ನೇ ಕೇಳಿಕೊಳ್ಳಬೇಕಾಗಿದ್ದವನು ಫ್ರೆಡರಿಕ್ ಡಗ್ಲಸ್. ಅವನು ವಾಗ್ಮಿಯೆಂದೂ ಪತ್ರಿಕಾಕರ್ತನೆಂದೂ ಲೋಕಪ್ರಸಿದ್ಧನಾಗಿದ್ದಾನೆ. ಆದರೆ ಅವನ ಚರಿತ್ರೆಯನ್ನು ಓದುವಾಗ ನನ್ನ ಮನಸ್ಸು ನಿಂತದ್ದು ಬೇರೊಂದು ಸಂಗತಿಯಲ್ಲಿ. ಜೀವಮಾನದಲ್ಲಿ ಅವನು ಹಲವು ಬಾರಿ ನೆಲೆ ಬದಲಿಸಿದನು. ಪ್ರತಿಯೊಂದು ಸಲವೂ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಂಡನು. ಆ ಆಯ್ಕೆಗಳ ಜಾಡು ಹಿಡಿದು ಅವನ ಜೀವನವನ್ನು ಹೇಳಲು ಇಲ್ಲಿ ಯತ್ನಿಸಿದ್ದೇನೆ.

ಆ ಕಾಲದ ಅಮೆರಿಕದ ಸಂಯುಕ್ತ ಸಂಸ್ಥಾನಗಳು ಹೆಸರಿಗೆ ಒಂದೇ ದೇಶವಾಗಿದ್ದರೂ ಗುಲಾಮಗಿರಿಯ ವಿಷಯದಲ್ಲಿ ಎರಡು ದೇಶಗಳಂತಿದ್ದವು. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯ ಗುಲಾಮನು ಎತ್ತು ಕುದುರೆಗಳಂತೆ ಯಜಮಾನನ ಸ್ವತ್ತು. ಉತ್ತರದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ 1780ರ ದಶಕದಲ್ಲಿಯೇ ನ್ಯಾಯಾಲಯದ ತೀರ್ಪುಗಳಿಂದ ಗುಲಾಮಗಿರಿ ಅಳಿದಿತ್ತು. ನ್ಯೂಯಾರ್ಕಿನಲ್ಲಿ 1827ರಲ್ಲಿ ಅಂತ್ಯಗೊಂಡಿತು. ಆದರೂ ಓಡಿಬಂದ ಗುಲಾಮನಿಗೆ ಅಲ್ಲಿಯೂ ನೆಮ್ಮದಿಯಿರಲಿಲ್ಲ. ಯಜಮಾನನು ಬೆನ್ನಟ್ಟಿ ಬಂದು ಅವನನ್ನು ಹಿಡಿದೊಯ್ಯಲು 1793ರ ಕಾಯಿದೆಯೊಂದು ಅವಕಾಶ ಕೊಟ್ಟಿತ್ತು.

ಫ್ರೆಡರಿಕನು 1818ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದ ಟಾಲ್ಬಟ್ ಪ್ರಾಂತದಲ್ಲಿ ಗುಲಾಮಳ ಮಗನಾಗಿ ಹುಟ್ಟಿದನು. ಹುಟ್ಟಿದ ದಿನ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಾಯಿ ಹ್ಯಾರಿಯೆಟ್ ಬೇಲಿ ಬೇರೆ ಹೊಲದಲ್ಲಿ ದುಡಿಯುತ್ತಿದ್ದುದರಿಂದ ಅಜ್ಜಿಯೇ ಸಾಕಿದಳು. ಸುಮಾರು ಎಂಟನೆಯ ವಯಸ್ಸಿನಲ್ಲಿ ಅವನನ್ನು ಬಾಲ್ಟಿಮೋರ್ ನಗರದ ಹ್ಯೂ ಆಲ್ಡ್ ಎಂಬುವನ ಮನೆಗೆ ಕಳುಹಿಸಿದರು. ಮನೆಯೊಡತಿ ಸೋಫಿಯಾ ಅಕ್ಷರ ಕಲಿಸತೊಡಗಿದಳು, ಗಂಡನು ತಡೆದನು. ಓದು ಕಲಿತ ಗುಲಾಮನು ಗುಲಾಮನಾಗಿ ಉಳಿಯಲಾರನೆಂಬುದು ಆ ಗಂಡನ ಹೆದರಿಕೆ. ಹುಡುಗನಿಗೆ ಆ ಹೆದರಿಕೆಯೇ ದಾರಿ ತೋರಿಸಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿಯ ಚೂರು ಕೊಟ್ಟು ಅವರಿಂದ ಒಂದೊಂದೇ ಅಕ್ಷರವನ್ನು ಸಂಪಾದಿಸಿದನು. ಮುಂದೆ ಅವನನ್ನು ಮರಳಿ ಹಳ್ಳಿಗೆ ಕರೆಸಿ, ಗುಲಾಮರನ್ನು ಪಳಗಿಸುವುದರಲ್ಲಿ ಹೆಸರಾದ ಕೋವಿ ಎಂಬುವನ ವಶಕ್ಕೆ ಕೊಟ್ಟರು. ತಿಂಗಳುಗಟ್ಟಲೆ ಛಡಿಯೇಟು ತಿಂದ ಹದಿನಾರರ ತರುಣನು 1834ರಲ್ಲಿ ಒಂದು ದಿನ ತಿರುಗಿ ಬಿದ್ದನು. ಅಂದಿನಿಂದ ಕೋವಿ ಅವನ ಮೈಮುಟ್ಟಲಿಲ್ಲ.

ಮತ್ತೆ ಬಾಲ್ಟಿಮೋರಿಗೆ ಬಂದು ಹಡಗು ಕಟ್ಟುವ ಕಟ್ಟೆಯಲ್ಲಿ ಹಲಗೆಗಳ ಸಂದಿಗೆ ನಾರು ತುರುಕಿ ನೀರು ಸೋರದಂತೆ ಮಾಡುವ ಕಸಬನ್ನು ಕಲಿತನು. ದುಡಿಮೆ ಅವನದು, ಕೂಲಿ ಯಜಮಾನನದು. ಅಲ್ಲಿಯೇ ಅನ್ನಾ ಮರ್ರಿ ಎಂಬ ಸ್ವತಂತ್ರಳಾದ ಕರಿಯ ತರುಣಿಯ ಪರಿಚಯವಾಯಿತು. ಅವಳು ಮನೆಗೆಲಸ ಮಾಡಿ ಕೂಡಿಟ್ಟಿದ್ದ ಹಣ ಅವನ ಪಲಾಯನಕ್ಕೆ ಒದಗಿತು. 1838ರ ಸೆಪ್ಟೆಂಬರ್ 3ರಂದು ನಾವಿಕನ ಉಡುಪು ತೊಟ್ಟು, ಇನ್ನೊಬ್ಬ ನಾವಿಕನ ರಹದಾರಿ ಪತ್ರವನ್ನು ಎರವಲು ಪಡೆದು ಅವನು ರೈಲು ಹತ್ತಿದನು. ಪತ್ರದಲ್ಲಿದ್ದ ಚಹರೆಗೂ ಅವನ ಚಹರೆಗೂ ಹೊಂದಿಕೆಯಿರಲಿಲ್ಲ. ತಪಾಸಣೆಗೆ ಬಂದವನು ಸರಿಯಾಗಿ ನೋಡಲಿಲ್ಲ. ಒಂದು ದಿನ ತುಂಬುವ ಮೊದಲೇ ಅವನು ನ್ಯೂಯಾರ್ಕ್ ಸೇರಿದನು.

ಮೊದಲನೆಯ ಆಯ್ಕೆ ಎದುರಾದುದು ಇಲ್ಲಿ. ನ್ಯೂಯಾರ್ಕಿನ ಬೀದಿಗಳಲ್ಲಿ ಗುಲಾಮರನ್ನು ಹಿಡಿದುಕೊಟ್ಟು ಹಣ ಪಡೆಯುವವರು ಸುಳಿದಾಡುತ್ತಿದ್ದರು. ಡೇವಿಡ್ ರಗಲ್ಸ್ ಎಂಬ ಧೀರನು ಅವನಿಗೆ ಆಶ್ರಯವಿತ್ತನು. ಸುದ್ದಿ ತಿಳಿದು ಅನ್ನಾ ಬಂದು ಸೇರಿದಳು. ಸೆಪ್ಟೆಂಬರ್ 15ರಂದು ಇಬ್ಬರ ಮದುವೆಯಾಯಿತು. ಮುಂದೆ ಎಲ್ಲಿಗೆ? ಫ್ರೆಡರಿಕನ ಮನಸ್ಸು ಕೆನಡದ ಕಡೆಗಿತ್ತು. ಅದು ಬ್ರಿಟಿಷರ ಆಳಿಕೆಯ ನಾಡು. ಅಲ್ಲಿ ಹಿಡಿಯುವವರ ಭಯವಿಲ್ಲ. ರಗಲ್ಸ್ ಬೇರೆ ಲೆಕ್ಕ ಹಾಕಿದನು. ಮ್ಯಾಸಚೂಸೆಟ್ಸಿನ ನ್ಯೂ ಬೆಡ್‌ಫರ್ಡ್ ತಿಮಿಂಗಿಲ ಬೇಟೆಯ ಹಡಗುಗಳ ಬಂದರು; ಬಲ್ಲ ಕಸಬಿಗೆ ಅಲ್ಲಿ ಕೆಲಸವುಂಟು. ಹೊಟ್ಟೆಪಾಡು ನಡೆಯದ ಕಡೆ ಸ್ವಾತಂತ್ರ್ಯವೂ ಬಹುಕಾಲ ಬಾಳದೆಂಬ ಅವನ ಸಲಹೆಯನ್ನು ದಂಪತಿಗಳು ಒಪ್ಪಿಕೊಂಡರು.

ನ್ಯೂ ಬೆಡ್‌ಫರ್ಡ್ ಅವನಿಗೆ ಎರಡು ಪಾಠ ಕಲಿಸಿತು. ಗುಲಾಮರಿಲ್ಲದ ಊರು ಬಡವಾಗಿರಲೇಬೇಕೆಂದು ಅವನು ನಂಬಿದ್ದನು. ದಕ್ಷಿಣದಲ್ಲಿ ಗುಲಾಮರಿಲ್ಲದ ಬಿಳಿಯರು ಬಡವರಾಗಿದ್ದುದನ್ನು ಕಂಡಿದ್ದನು. ಇಲ್ಲಿಯಾದರೋ ಸಂಪತ್ತು ತುಂಬಿ ತುಳುಕುತ್ತಿತ್ತು. ಅವನಿಗೆ ಮನೆಯಲ್ಲಿ ಇಂಬು ಕೊಟ್ಟ ನೇಥನ್ ಜಾನ್ಸನ್ ಎಂಬ ಕರಿಯನು ಟಾಲ್ಬಟ್ ಪ್ರಾಂತದ ಎಷ್ಟೋ ಗುಲಾಮದೊರೆಗಳಿಗಿಂತ ಅಚ್ಚುಕಟ್ಟಾಗಿ ಬಾಳುತ್ತಿದ್ದನು. ಅವರಿಗಿಂತ ಹೆಚ್ಚು ಪತ್ರಿಕೆಗಳನ್ನು ಓದುತ್ತಿದ್ದನು. ಡಗ್ಲಸ್ ಎಂಬ ಹೊಸ ಹೆಸರನ್ನು ಸೂಚಿಸಿದವನೂ ಇವನೇ. ಎರಡನೆಯ ಪಾಠ ಕಹಿಯಾದುದು. ದೂರದ ಬೆಟ್ಟ ನುಣ್ಣಗೆ ಎಂಬಂತೆ, ಹತ್ತಿರ ಹೋದಾಗ ಇಲ್ಲಿಯ ಕಲ್ಲುಮುಳ್ಳುಗಳೂ ಕಂಡವು. ಕರಿಯನೊಡನೆ ಕೆಲಸ ಮಾಡೆವೆಂದು ಬಿಳಿಯ ಕಸಬುದಾರರು ಹಟ ಹಿಡಿದರು. ಡಗ್ಲಸನು ಕಸಬು ಬಿಟ್ಟು, ಅದರ ಅರ್ಧದಷ್ಟು ಕೂಲಿಗೆ ಸೌದೆ ಸೀಳಿದನು, ಕಲ್ಲಿದ್ದಲು ಹೊತ್ತನು. ಚರ್ಚಿನಲ್ಲಿ ಕರಿಯರಿಗೆ ಬೇರೆ ಜಾಗ, ರೈಲಿನಲ್ಲಿ ಬೇರೆ ಡಬ್ಬಿ. ಕಾಯಿದೆ ಬಿಡುಗಡೆ ಮಾಡಿದರೂ ಜನರ ಮನಸ್ಸು ಬಿಡುಗಡೆ ಮಾಡಿರಲಿಲ್ಲ. ನಮ್ಮ ನಾಡಿನ ಊರುಕೇರಿಗಳನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1841ರಲ್ಲಿ ನ್ಯಾಂಟುಕೆಟ್ ದ್ವೀಪದ ಸಭೆಯೊಂದರಲ್ಲಿ ಮಾಡಿದ ಭಾಷಣ ಅವನ ಬಾಳನ್ನೇ ತಿರುಗಿಸಿತು. ಗುಲಾಮಗಿರಿ ವಿರೋಧಿ ಸಂಘವು ಅವನನ್ನು ಪ್ರಚಾರಕನನ್ನಾಗಿ ನೇಮಿಸಿತು. ಇಂತಹ ಮಾತುಗಾರನು ಗುಲಾಮನಾಗಿದ್ದಿರಲಾರನೆಂದು ಜನರು ಸಂಶಯಪಟ್ಟುದರಿಂದ 1845ರಲ್ಲಿ ಹೆಸರು ಸ್ಥಳಗಳೊಡನೆ ಆತ್ಮಕಥೆಯನ್ನು ಪ್ರಕಟಿಸಿದನು. ಸಂಶಯ ಹೋಯಿತು, ಆದರೆ ಹಳೆಯ ಯಜಮಾನನಿಗೆ ವಿಳಾಸ ಸಿಕ್ಕಿದಂತಾಯಿತು. ಅಪಾಯ ತಪ್ಪಿಸಿಕೊಳ್ಳಲು ಅವನು ಬ್ರಿಟನ್ನಿಗೆ ಪ್ರಯಾಣ ಮಾಡಿದನು.

ಐರ್ಲೆಂಡ್, ಸ್ಕಾಟ್ಲೆಂಡ್, ಇಂಗ್ಲೆಂಡುಗಳಲ್ಲಿ ಹತ್ತೊಂಬತ್ತು ತಿಂಗಳು ಸಂಚರಿಸಿದನು. ಹೋಟೆಲು, ಬಂಡಿ, ದೇವಾಲಯ, ಊಟದ ಮೇಜು ಎಲ್ಲಿಯೂ ಬಣ್ಣದ ಪ್ರಶ್ನೆ ಅವನ ಮುಂದೆ ಏಳಲಿಲ್ಲ. ಇಂಗ್ಲೆಂಡಿನ ಗೆಳೆಯರು 1846ರಲ್ಲಿ 150 ಪೌಂಡು ಕೂಡಿಸಿ ಯಜಮಾನನಿಗೆ ತೆತ್ತು ಅವನನ್ನು ಕಾಯಿದೆಯ ಪ್ರಕಾರ ಸ್ವತಂತ್ರನನ್ನಾಗಿ ಮಾಡಿದರು. ಕುಟುಂಬವನ್ನು ಕರೆಸಿಕೊಂಡು ಅಲ್ಲಿಯೇ ಸುಖವಾಗಿ ನೆಲಸಬಹುದಾಗಿತ್ತು. ಆದರೆ 1847ರ ವಸಂತದಲ್ಲಿ ಅವನು ಹಿಂದಿರುಗಿದನು. ಸುಮಾರು ಮೂವತ್ತು ಲಕ್ಷ ಜನ ಸಂಕೋಲೆಯಲ್ಲಿದ್ದ ನಾಡನ್ನು ಬಿಟ್ಟು ತನ್ನೊಬ್ಬನ ನೆಮ್ಮದಿಯನ್ನು ನೋಡಿಕೊಳ್ಳಲು ಅವನು ಸಿದ್ಧನಿರಲಿಲ್ಲ. ಅವನ ಜೀವನದ ಅತ್ಯಂತ ಕಠಿನವಾದ ಆಯ್ಕೆ ಇದೇ ಎಂದು ನನ್ನ ಅಭಿಪ್ರಾಯ. ಓಡಿಬಂದಾಗ ಬೇರೆ ದಾರಿಯಿರಲಿಲ್ಲ, ಹಿಂದಿರುಗಿದಾಗ ಇತ್ತು.

ಹಿಂದಿರುಗಿದ ಮೇಲೆ ಸ್ವಂತ ಪತ್ರಿಕೆ ನಡೆಸಲು ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ಊರನ್ನು ಆರಿಸಿಕೊಂಡನು. ಬಾಸ್ಟನ್ನಿನಲ್ಲಿ ಗುರುಸಮಾನನಾದ ಗ್ಯಾರಿಸನ್ನನ ಪತ್ರಿಕೆಯಿತ್ತು. ಅದಕ್ಕೆ ಪೈಪೋಟಿಯಾಗಬಾರದು, ಅದರ ನೆರಳಿನಲ್ಲಿಯೂ ಇರಬಾರದು. ರಾಚೆಸ್ಟರ್ ಈರಿ ಕಾಲುವೆಯ ದಂಡೆಯ ಬೆಳೆಯುತ್ತಿರುವ ಪಟ್ಟಣ. ಕ್ವೇಕರ್ ಪಂಥದ ಸ್ನೇಹಿತರಿದ್ದರು. ಸರೋವರದ ಆಚೆ ಕೆನಡ. 1847ರ ಡಿಸೆಂಬರ್ 3ರಂದು 'ನಾರ್ತ್ ಸ್ಟಾರ್' ಪತ್ರಿಕೆ ಹೊರಬಿದ್ದಿತು. ಹಾಗೆಂದು ಆ ಸಂಸ್ಥಾನ ಎಲ್ಲದರಲ್ಲಿಯೂ ಮೇಲಾಗಿರಲಿಲ್ಲ. ಮ್ಯಾಸಚೂಸೆಟ್ಸಿನಲ್ಲಿ ಕರಿಯರಿಗೆ ಬಿಳಿಯರಂತೆಯೇ ಮತವಿತ್ತು. ನ್ಯೂಯಾರ್ಕಿನಲ್ಲಿ 250 ಡಾಲರ್ ಆಸ್ತಿಯಿಲ್ಲದ ಕರಿಯನಿಗೆ ಮತವಿರಲಿಲ್ಲ, ಬಿಳಿಯನಿಗೆ ಈ ಷರತ್ತಿರಲಿಲ್ಲ. ಶುಲ್ಕ ತೆಗೆದುಕೊಂಡ ಖಾಸಗಿ ಶಾಲೆಯೊಂದು ಅವನ ಮಗಳು ರೊಸೆಟ್ಟಾಳನ್ನು ಬೇರೆ ಕೋಣೆಯಲ್ಲಿ ಒಬ್ಬಳನ್ನೇ ಕೂಡಿಸಿತು. ಡಗ್ಲಸ್ ಊರು ಬಿಡಲಿಲ್ಲ; ಹೋರಾಡಿದನು. 1857ರಲ್ಲಿ ರಾಚೆಸ್ಟರಿನ ಸರ್ಕಾರಿ ಶಾಲೆಗಳ ಬಾಗಿಲು ಎಲ್ಲ ಮಕ್ಕಳಿಗೂ ತೆರೆಯಿತು. 1848ರಲ್ಲಿ ಸೆನೆಕಾ ಫಾಲ್ಸಿನ ಮಹಿಳಾ ಸಮ್ಮೇಳನದಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಅವನು ವಾದಿಸಿದ್ದೂ ಈ ಕಾಲದಲ್ಲಿಯೇ. 1850ರ ಕಠೋರ ಕಾಯಿದೆಯ ನಂತರ ಅವನ ಮನೆ ಕೆನಡಕ್ಕೆ ಓಡುವವರ ತಂಗುದಾಣವಾಯಿತು. ಒಮ್ಮೆ ಹನ್ನೊಂದು ಜನರು ಒಟ್ಟಿಗೆ ಬಂದಿಳಿದರು. ಗಂಡ ಊರೂರು ತಿರುಗುತ್ತಿದ್ದಾಗ ಬಂದವರಿಗೆ ಅನ್ನವಿಕ್ಕಿ ಐವರು ಮಕ್ಕಳನ್ನು ಬೆಳೆಸಿದವಳು ಅಕ್ಷರ ಬಾರದ ಅನ್ನಾ. ಈಕೆಯ ಹೆಸರು ಚರಿತ್ರೆಯಲ್ಲಿ ಇನ್ನೂ ದೊಡ್ಡದಾಗಿ ಇರಬೇಕಾಗಿತ್ತು.

1861ರಲ್ಲಿ ಬೇಸತ್ತ ಅನೇಕ ಕರಿಯರು ಹೈಟಿ ದ್ವೀಪಕ್ಕೆ ವಲಸೆ ಹೋಗಲು ಯೋಚಿಸುತ್ತಿದ್ದಾಗ ಡಗ್ಲಸನೂ ಆ ನಾಡನ್ನು ನೋಡಿ ಬರಲು ಹೊರಟನು. ಅಷ್ಟರಲ್ಲಿ ಅಂತರ್ಯುದ್ಧ ಪ್ರಾರಂಭವಾಯಿತು; ಪ್ರಯಾಣ ನಿಂತಿತು. ಕರಿಯರ ಪಡೆಗೆ ಜನ ಸೇರಿಸಲು ಅವನು ಊರೂರು ಸುತ್ತಿದನು. ತನ್ನ ಇಬ್ಬರು ಮಕ್ಕಳನ್ನು ಆ ಪಡೆಗೆ ಸೇರಿಸಿದನು. 1865ರಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿ ಅಳಿಯಿತು.

1872ರಲ್ಲಿ ರಾಚೆಸ್ಟರಿನ ಮನೆ ಸುಟ್ಟುಹೋದ ಮೇಲೆ ಅವನು ರಾಜಧಾನಿ ವಾಷಿಂಗ್ಟನ್ನಿನಲ್ಲಿ ನೆಲಸಿದನು. ಉನ್ನತ ಹುದ್ದೆಗಳನ್ನು ಪಡೆದನು. ಮತದಾನಕ್ಕಾಗಿ ಜೀವ ತೇಯ್ದವನು ಕೊನೆಗೆ ನೆಲಸಿದ ನಗರದ ನಿವಾಸಿಗಳಿಗೆ 1874ರ ನಂತರ ಬಿಳಿಯ ಕರಿಯ ಭೇದವಿಲ್ಲದೆ ಮತವೇ ಇಲ್ಲದಂತಾದುದು ವಿಧಿಯ ವಿನೋದ.

1879ರಲ್ಲಿ ಒಂದು ವಿವಾದವೆದ್ದಿತು. ದಕ್ಷಿಣದ ಹಿಂಸೆಯನ್ನು ತಾಳಲಾರದೆ ಸಾವಿರಾರು ಕರಿಯರು ಕ್ಯಾನ್ಸಸ್ ಸಂಸ್ಥಾನಕ್ಕೆ ಗುಳೆ ಹೊರಟರು. ಡಗ್ಲಸನು ಇದನ್ನು ವಿರೋಧಿಸಿದನು. ಪ್ರಜೆಯನ್ನು ಅವನಿದ್ದ ಜಾಗದಲ್ಲಿಯೇ ರಕ್ಷಿಸುವುದು ಸರ್ಕಾರದ ಹೊಣೆ; ಜನ ಚದುರಿದರೆ ಮತದ ಬಲವೂ ದುಡಿಮೆಯ ಬಲವೂ ಚದುರುತ್ತದೆ ಎಂಬುದು ಅವನ ವಾದ. ವಿದ್ವಾಂಸನಾದ ರಿಚರ್ಡ್ ಗ್ರೀನರ್ ಎದುರು ವಾದಿಸಿದನು. ಇಲ್ಲಿ ನನ್ನ ಮನಸ್ಸು ಗ್ರೀನರನ ಕಡೆಗೆ ವಾಲುತ್ತದೆ. ಮನೆಗೆ ಬೆಂಕಿ ಬಿದ್ದವನಿಗೆ ನಿಂತು ನ್ಯಾಯ ಕೇಳೆಂದು ಹೇಳುವುದು ಕಷ್ಟ. ಡಗ್ಲಸನೂ ಮೇರಿಲ್ಯಾಂಡಿನಲ್ಲಿ ನಿಂತು ಕೇಳಲಿಲ್ಲ. ಆದರೆ ಅವನ ಮಾತಿನ ತಿರುಳನ್ನು ತಳ್ಳಿಹಾಕಲಾರೆ. ಒಳ್ಳೆಯವರೆಲ್ಲ ಒಳ್ಳೆಯ ಊರುಗಳಿಗೆ ಹೊರಟುಹೋದರೆ ಕೆಟ್ಟ ಊರು ಎಂದಿಗೂ ಒಳ್ಳೆಯದಾಗದು. ಹೋಗುವ ಹಕ್ಕು, ಉಳಿಯುವ ಹಕ್ಕು ಎರಡೂ ಇದ್ದಾಗಲೇ ಮನುಷ್ಯನು ಪೂರ್ಣ ಸ್ವತಂತ್ರನು.

1895ರ ಫೆಬ್ರವರಿ 20ರಂದು, ಮಹಿಳೆಯರ ಸಭೆಯೊಂದಕ್ಕೆ ಹೋಗಿ ಮನೆಗೆ ಬಂದ ದಿನವೇ ಡಗ್ಲಸನು ತೀರಿಕೊಂಡನು. ಅವನ ದೇಹವನ್ನು ರಾಚೆಸ್ಟರಿಗೆ ಒಯ್ದು ಮೌಂಟ್ ಹೋಪ್ ಸ್ಮಶಾನದಲ್ಲಿ ಸಮಾಧಿ ಮಾಡಿದರು. ಹುಟ್ಟಿದ ಮೇರಿಲ್ಯಾಂಡ್, ಆಶ್ರಯವಿತ್ತ ಮ್ಯಾಸಚೂಸೆಟ್ಸ್, ಗೌರವಿಸಿದ ಇಂಗ್ಲೆಂಡ್, ಪದವಿಯಿತ್ತ ವಾಷಿಂಗ್ಟನ್ ಇವೆಲ್ಲವನ್ನೂ ಬಿಟ್ಟು ಅವನು ಕೊನೆಗೆ ಮಲಗಿದುದು ಮಗಳಿಗಾಗಿ ಶಾಲೆಯೊಡನೆ ಕಾದಾಡಿದ ಊರಿನಲ್ಲಿ. ನಾಳೆ ನಾವೂ ಗಂಟುಮೂಟೆ ಕಟ್ಟಿ ಹೊರಡುವವರೇ. ಹೋದ ಊರು ನಮಗೇನು ಕೊಡುವುದೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ನಾವು ಮಾಡಬೇಕಾದ ಕೆಲಸವೇನೆಂಬ ಪ್ರಶ್ನೆಯನ್ನೂ ಅದರ ಜೊತೆಗೆ ಇಟ್ಟುಕೊಳ್ಳೋಣ.