ರಂಗಭೂಮಿಯ ರಾಘವ, ನ್ಯಾಯಾಲಯದ ರಾಘವಾಚಾರ್ಯ

ಕೊಳಗಲ್ಲು (ಬಳ್ಳಾರಿ): ಬಳ್ಳಾರಿಯ ರಾಘವ ಕಲಾಮಂದಿರದ ಹೆಸರನ್ನು ಕೇಳದ ರಂಗಾಸಕ್ತರು ಕೊಳಗಲ್ಲು, ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಇರಲಾರರು. ಬಳ್ಳಾರಿ ರಾಘವ ಎಂದೊಡನೆ ನೆನಪಾಗುವುದು ರುಸ್ತುಂ, ಚಾಣಕ್ಯ, ಹಿರಣ್ಯಕಶಿಪು ಪಾತ್ರಗಳು. ಆದರೆ ಆ ಮಹಾನಟ ಹೊಟ್ಟೆಪಾಡಿಗಾಗಿ ಬಣ್ಣ ಹಚ್ಚಿದವರಲ್ಲ. ಅವರು ವೃತ್ತಿಯಿಂದ ಕ್ರಿಮಿನಲ್ ವಕೀಲರು. ಬ್ರಿಟಿಷ್ ಸರ್ಕಾರದ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದವರು. ಆ ಸೇವೆಗಾಗಿ ರಾವ್ ಬಹಾದ್ದೂರ್ ಬಿರುದು ಪಡೆದವರು.

ಗಣಿ ಹಗರಣಗಳ ಕಾರಣದಿಂದ ದೇಶದ ಗಮನ ಸೆಳೆದ ಈ ಜಿಲ್ಲೆಯಲ್ಲಿ ಸಂಘಟಿತ ಅಪರಾಧ, ಆರ್ಥಿಕ ಅಪರಾಧ ಎಂಬ ಮಾತುಗಳು ಜನರಿಗೆ ಚಿರಪರಿಚಿತ. ಅಂತಹ ಮೊಕದ್ದಮೆಗಳಲ್ಲಿ ಸಮಾಜದ ಪರವಾಗಿ ನಿಲ್ಲುವ ಸರ್ಕಾರಿ ಅಭಿಯೋಜಕರ ಹೊಣೆ ಎಂಥದ್ದು ಎಂಬುದನ್ನು ಅರಿಯಲು, ಅದೇ ಹುದ್ದೆಯಲ್ಲಿದ್ದ ರಾಘವಾಚಾರ್ಯರ ಬದುಕನ್ನು ಮತ್ತೊಮ್ಮೆ ನೋಡುವುದು ಉಚಿತ.

ತಾಡಪತ್ರಿಯಿಂದ ಬಳ್ಳಾರಿಗೆ

ತಾಡಪತ್ರಿ ರಾಘವಾಚಾರ್ಯರು ಜನಿಸಿದ್ದು 1880ರ ಆಗಸ್ಟ್ 2ರಂದು. ತಂದೆ ನರಸಿಂಹಾಚಾರ್ಯರು, ತಾಯಿ ಶೇಷಮ್ಮ. ತಾಡಪತ್ರಿ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. 1882ರಲ್ಲಿ ಅನಂತಪುರ ಪ್ರತ್ಯೇಕ ಜಿಲ್ಲೆಯಾದಾಗ ಅದು ಅತ್ತ ಹೋಯಿತು. ಬಾಲಕ ರಾಘವಾಚಾರ್ಯ ಮಾತ್ರ ಬಳ್ಳಾರಿಯವರಾಗಿಯೇ ಉಳಿದರು.

ಬಳ್ಳಾರಿಯಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಪಡೆದರು. 1905ರಲ್ಲಿ ಮದರಾಸಿನ ಕಾನೂನು ಕಾಲೇಜಿನ ವ್ಯಾಸಂಗ ಪೂರೈಸಿ, ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರ ಬಳಿ ವಕೀಲಿ ವೃತ್ತಿ ಆರಂಭಿಸಿದರು. ಈ ಸೋದರಮಾವ ಸಾಮಾನ್ಯರಲ್ಲ. ತೆಲುಗು ರಂಗಭೂಮಿಯಲ್ಲಿ ಆಂಧ್ರ ನಾಟಕ ಪಿತಾಮಹ ಎಂದೇ ಹೆಸರಾದವರು. ಬಳ್ಳಾರಿಯಲ್ಲಿ ಸರಸ ವಿನೋದಿನಿ ಸಭೆಯನ್ನು ಕಟ್ಟಿದವರು. ಅವರ ಸಮಕಾಲೀನರಾದ ಕೋಲಾಚಲಂ ಶ್ರೀನಿವಾಸರಾವ್ ಸುಮನೋರಮಾ ಸಭೆಯ ಮೂಲಕ ಐತಿಹಾಸಿಕ ನಾಟಕಗಳನ್ನು ಆಡಿಸುತ್ತಿದ್ದರು. ಇಬ್ಬರೂ ವಕೀಲರೇ. ಹಗಲು ಕೋರ್ಟು, ರಾತ್ರಿ ನಾಟಕ ಎಂಬುದು ಅಂದಿನ ಬಳ್ಳಾರಿಯ ವಕೀಲರಿಗೆ ವಿಚಿತ್ರವಾಗಿರಲಿಲ್ಲ. ರಾಘವಾಚಾರ್ಯರು ಬೆಳೆದದ್ದು ಈ ವಾತಾವರಣದಲ್ಲಿ.

ಅವರು ವೃತ್ತಿಗೆ ಕಾಲಿಟ್ಟ ಮರುವರ್ಷವೇ, 1906ರ ಅಕ್ಟೋಬರಿನಲ್ಲಿ, ಮದರಾಸಿನ ಪ್ರತಿಷ್ಠಿತ ಅರ್ಬತ್‌ನಾಟ್ ಬ್ಯಾಂಕ್ ದಿವಾಳಿಯೆದ್ದಿತು. ಪ್ರಾಂತ್ಯದಾದ್ಯಂತ ಸಾವಿರಾರು ಠೇವಣಿದಾರರು ಬೀದಿಪಾಲಾದರು. ಅದರ ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್ ವಿಚಾರಣೆಗೊಳಗಾಗಿ 18 ತಿಂಗಳ ಕಠಿಣ ಕಾರಾಗೃಹ ಶಿಕ್ಷೆಗೆ ಗುರಿಯಾದರು. ಆ ಕುಸಿತದ ಬೆನ್ನಲ್ಲೇ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರ ಪ್ರಯತ್ನದಿಂದ 1907ರಲ್ಲಿ ಇಂಡಿಯನ್ ಬ್ಯಾಂಕ್ ಸ್ಥಾಪನೆಯಾಯಿತು. ಕತ್ತಿ ಹಿಡಿಯದೆಯೂ ಸಾವಿರ ಮನೆಗಳನ್ನು ದೋಚಬಹುದು ಎಂಬುದು ಮದರಾಸು ಪ್ರಾಂತ್ಯದ ಜನರಿಗೆ ಅಂದೇ ಮನದಟ್ಟಾಗಿತ್ತು. ಇಂತಹ ಮೊಕದ್ದಮೆಯಲ್ಲಿ ಲೆಕ್ಕದ ಪುಸ್ತಕವೇ ಪ್ರಮುಖ ಸಾಕ್ಷಿ ಎಂಬ ಪಾಠವೂ ಅದರಲ್ಲಿತ್ತು.

ಹುದ್ದೆ ಮತ್ತು ಹೊಣೆ

ಅಲ್ಪಕಾಲದಲ್ಲಿಯೇ ರಾಘವಾಚಾರ್ಯರು ಕ್ರಿಮಿನಲ್ ವಕೀಲರಾಗಿ ಕೀರ್ತಿಯನ್ನೂ ಸಂಪತ್ತನ್ನೂ ಗಳಿಸಿದರು. ಗಳಿಕೆಯ ಬಹುಪಾಲು ದಾನಧರ್ಮಗಳಿಗೆ ವಿನಿಯೋಗವಾಯಿತು. ಅವರ ಸಾಮರ್ಥ್ಯವನ್ನು ಗುರುತಿಸಿದ ಸರ್ಕಾರ ಅವರನ್ನು ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ ನೇಮಿಸಿತು.

ಅಂದು ಜಾರಿಯಲ್ಲಿದ್ದದ್ದು 1898ರ ದಂಡ ಪ್ರಕ್ರಿಯಾ ಸಂಹಿತೆ. ಅದರ ಪ್ರಕಾರ ಸೆಷನ್ಸ್ ನ್ಯಾಯಾಲಯದ ಪ್ರತಿಯೊಂದು ವಿಚಾರಣೆಯನ್ನೂ ಪಬ್ಲಿಕ್ ಪ್ರಾಸಿಕ್ಯೂಟರೇ ನಡೆಸಬೇಕಿತ್ತು. ಪೊಲೀಸರ ಕೆಲಸ ತನಿಖೆ. ಅಭಿಯೋಜಕರ ಕೆಲಸ ನ್ಯಾಯಾಲಯದ ಮುಂದೆ ಸತ್ಯವನ್ನು ಇಡುವುದು. ಜ್ಯೂರಿ ಇಲ್ಲದ ಕಡೆ ಅಸೆಸರುಗಳೆಂಬ ಸ್ಥಳೀಯ ಗಣ್ಯರು ಕುಳಿತು ನ್ಯಾಯಾಧೀಶರಿಗೆ ತಮ್ಮ ಅಭಿಪ್ರಾಯ ತಿಳಿಸುತ್ತಿದ್ದರು. ಮೇಲಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಸಾಕ್ಷಿ ಹೇಳುವವರದು ಕನ್ನಡ, ತೆಲುಗು, ಉರ್ದು. ಈಗ ಬೇರೆ ಬೇರೆ ತಾಲ್ಲೂಕುಗಳಾಗಿರುವ ಸಿರುಗುಪ್ಪ, ಕುರುಗೋಡು ಹಾಗೂ ಬಳ್ಳಾರಿ ಸಮೀಪದ ಕೊಳಗಲ್ಲು ಅಂದೂ ಬಳ್ಳಾರಿ ಜಿಲ್ಲೆಯ ಊರುಗಳೇ. ಆ ಹಳ್ಳಿಗಳ ರೈತನ ಮಾತಿನ ಧಾಟಿ ಬಲ್ಲ ವಕೀಲನಿಗೆ ಮಾತ್ರ ಸಾಕ್ಷಿಯ ಅಂತರಂಗ ತಿಳಿಯಲು ಸಾಧ್ಯವಿತ್ತು. ಕನ್ನಡ, ತೆಲುಗು, ಇಂಗ್ಲಿಷ್, ಹಿಂದಿ ನಾಟಕಗಳಲ್ಲಿ ಅಭಿನಯಿಸಿದ ರಾಘವಾಚಾರ್ಯರಿಗೆ ಭಾಷೆಯ ತೊಡಕು ಇರಲಿಲ್ಲ.

ಅಂದಿನ ಸಂಘಟಿತ ಅಪರಾಧವೆಂದರೆ ಮುಖ್ಯವಾಗಿ ಡಕಾಯಿತಿ, ಖೋಟಾ ನಾಣ್ಯ ಮತ್ತು ನೋಟುಗಳ ತಯಾರಿಕೆ. ಐವರು ಅಥವಾ ಹೆಚ್ಚು ಮಂದಿ ಕೂಡಿ ನಡೆಸಿದ ದರೋಡೆಯನ್ನು ಭಾರತೀಯ ದಂಡ ಸಂಹಿತೆ ಡಕಾಯಿತಿ ಎಂದು ಕರೆಯುತ್ತಿತ್ತು. ಡಕಾಯಿತಿಗೆ ಸಿದ್ಧತೆ ನಡೆಸುವುದೂ, ಅದನ್ನೇ ಕಸುಬಾಗಿಸಿಕೊಂಡ ತಂಡದ ಸದಸ್ಯನಾಗಿರುವುದೂ ಪ್ರತ್ಯೇಕ ಅಪರಾಧಗಳಾಗಿದ್ದವು. 1913ರಲ್ಲಿ ಕ್ರಿಮಿನಲ್ ಒಳಸಂಚು ಎಂಬ ಸ್ವತಂತ್ರ ಅಪರಾಧ ಸಂಹಿತೆಗೆ ಸೇರಿತು. ಕೃತ್ಯವನ್ನು ಎಸಗಿದವನ ಹಿಂದೆ ನಿಂತು ಕೈ ಆಡಿಸಿದವನನ್ನೂ ಕಟಕಟೆಗೆ ತರಲು ಇದರಿಂದ ದಾರಿ ಸುಗಮವಾಯಿತು.

ಇಂತಹ ತಂಡಗಳ ವಿರುದ್ಧ ಅಭಿಯೋಜಕರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಮಾಫಿಸಾಕ್ಷಿ. ತಂಡದವನೇ ಒಬ್ಬ ಕ್ಷಮಾದಾನ ಪಡೆದು ಉಳಿದವರ ವಿರುದ್ಧ ಸಾಕ್ಷಿ ನುಡಿಯುವುದು ಈ ಪದ್ಧತಿ. ಆದರೆ ಅದು ಎರಡು ಅಲಗಿನ ಕತ್ತಿ. ತನ್ನ ತಲೆ ಉಳಿಸಿಕೊಳ್ಳಲು ಆತ ನಿರಪರಾಧಿಯನ್ನೂ ಸಿಲುಕಿಸಬಲ್ಲ. ಹೀಗಾಗಿ ಮಾಫಿಸಾಕ್ಷಿಯ ಮಾತಿಗೆ ಬೇರೆಡೆಯಿಂದ ಪುಷ್ಟಿ ದೊರೆಯಬೇಕು ಎಂಬ ಎಚ್ಚರವನ್ನು ನ್ಯಾಯಾಲಯಗಳು ಪಾಲಿಸುತ್ತ ಬಂದವು. ಕಳವಾದ ಒಡವೆ ಯಾರ ಮನೆಯಲ್ಲಿ ದೊರೆಯಿತು, ಗುರುತು ಹಿಡಿದವರು ಯಾರು, ಘಟನೆಯ ರಾತ್ರಿ ಆರೋಪಿ ಎಲ್ಲಿದ್ದ ಎಂಬ ಕೊಂಡಿಗಳನ್ನು ಒಂದೊಂದಾಗಿ ಜೋಡಿಸುವುದು ಅಭಿಯೋಜಕರ ನಿಜವಾದ ಶ್ರಮವಾಗಿತ್ತು.

ಆದರೆ ಸರ್ಕಾರವೇ ಹಿಡಿದಿದ್ದ ಮತ್ತೊಂದು ಹಾದಿ ಇದಕ್ಕೆ ವಿರುದ್ಧವಾಗಿತ್ತು. 1871ರಲ್ಲಿ ಮೊದಲು ಜಾರಿಯಾಗಿ, 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ಅನ್ವಯವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಹಾಜರಿ ಹಾಕುವುದು, ಊರು ಬಿಡಲು ಅನುಮತಿ ಕೇಳುವುದು ಆ ಜನರ ನಿತ್ಯದ ಪಾಡಾಯಿತು. ಮದರಾಸಿನಲ್ಲಿ 1947ರಲ್ಲಿ, ದೇಶದಾದ್ಯಂತ 1952ರಲ್ಲಿ ಆ ಕಾಯ್ದೆ ರದ್ದಾಯಿತು. ಪಟ್ಟಿಯಲ್ಲಿ ಹೆಸರು ಬರೆಯಲು ಪುರಾವೆ ಬೇಕಿರಲಿಲ್ಲ. ನ್ಯಾಯಾಲಯದಲ್ಲಿ ಶಿಕ್ಷೆ ಕೊಡಿಸಲು ಬೇಕಿತ್ತು. ಈ ಎರಡರ ನಡುವಿನ ಗೆರೆಯನ್ನು ಕಾಯಬೇಕಾದವರಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಒಬ್ಬರು. ಪುರಾವೆ ಸಾಲದೆಂದು ಕಂಡರೆ ನ್ಯಾಯಾಲಯದ ಒಪ್ಪಿಗೆ ಪಡೆದು ಮೊಕದ್ದಮೆಯನ್ನು ಹಿಂದಕ್ಕೆ ಪಡೆಯುವ ಅಧಿಕಾರವನ್ನೂ ಸಂಹಿತೆ ಅವರಿಗೆ ನೀಡಿತ್ತು.

ವಿರೋಧಿಯ ಮನಸ್ಸನ್ನೂ ಅರಿತ ನಟ

ರಂಗಭೂಮಿಯಲ್ಲಿ ರಾಘವರು ತಂದ ಬದಲಾವಣೆ ಈ ವೃತ್ತಿಗೆ ದೂರವಾದದ್ದೇನಲ್ಲ. ಅಂದಿನ ನಾಟಕಗಳಲ್ಲಿ ಹಾಡು, ಪದ್ಯ, ಅಬ್ಬರಗಳೇ ಹೆಚ್ಚು. ರಾಘವರು ಅವುಗಳನ್ನು ಕಡಿಮೆ ಮಾಡಿ ಸಹಜ ಮಾತಿಗೆ, ಭಾವಕ್ಕೆ ಒತ್ತು ಕೊಟ್ಟರು. ಕೋಲಾಚಲಂ ಶ್ರೀನಿವಾಸರಾಯರ ವಿಜಯನಗರ ಪತನದ ನಾಟಕದಲ್ಲಿ ಪಠಾಣ ರುಸ್ತುಂನ ಪಾತ್ರ ಅವರಿಗೆ ದೊಡ್ಡ ಹೆಸರು ತಂದಿತು. ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ ಸ್ಥಾಪಿಸಿ ಒಥೆಲೊ, ಷೈಲಾಕ್‌ರಂಥ ಪಾತ್ರಗಳನ್ನು ಮಾಡಿದರು. ಬೆಂಗಳೂರಿನ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಜೊತೆಗೂ ಅವರ ಒಡನಾಟವಿತ್ತು.

ಷೈಲಾಕ್ ಸಾಲ ಕೊಟ್ಟವನು; ಕರಾರುಪತ್ರ ಹಿಡಿದು ನ್ಯಾಯಾಲಯಕ್ಕೆ ಬಂದವನು; ಕಾನೂನಿನ ಅಕ್ಷರವನ್ನೇ ನಂಬಿ ಸೋತವನು. ಕಾಗದ ಸರಿಯಾಗಿದ್ದರೂ ನ್ಯಾಯ ಸರಿಯಾಗಿರದ ಆ ಪ್ರಸಂಗ, ಹಗಲೆಲ್ಲ ಕೋರ್ಟಿನಲ್ಲಿ ಕಳೆದ ನಟನಿಗೆ ಅಪರಿಚಿತವಾಗಿರಲು ಸಾಧ್ಯವಿಲ್ಲ. ಖಳನ ಪಾತ್ರಕ್ಕೂ ಒಳಗಿನ ಕಾರಣ ಹುಡುಕುವುದು ನಟನ ಕೆಲಸ. ಆರೋಪಿಯ ವರ್ತನೆಗೆ ಪ್ರೇರಣೆ ಏನೆಂದು ಹುಡುಕುವುದು ಅಭಿಯೋಜಕರ ಕೆಲಸ. ಪ್ರೇರಣೆ ತಿಳಿಯದೆ ಒಳಸಂಚನ್ನು ಸಾಬೀತುಪಡಿಸುವುದು ಕಷ್ಟ.

ಸ್ತ್ರೀ ಪಾತ್ರಗಳನ್ನು ಸ್ತ್ರೀಯರೇ ಮಾಡಬೇಕೆಂಬುದು ಅವರ ನಿಲುವಾಗಿತ್ತು. ವಿರೋಧ ಲೆಕ್ಕಿಸದೆ ಮಹಿಳೆಯರನ್ನು ರಂಗಕ್ಕೆ ಕರೆತಂದರು. ಮದರಾಸಿನ ವಕೀಲರಾಗಿದ್ದ ಪಿ.ವಿ. ರಾಜಮನ್ನಾರ್ ಬರೆದ ತೆಲುಗು ಸಾಮಾಜಿಕ ನಾಟಕ ‘ತಪ್ಪೆವರಿದಿ’ಯನ್ನು ಅವರು ಹಾಗೆಯೇ ಆಡಿದರು. ತಪ್ಪು ಯಾರದು ಎಂಬುದು ಆ ಹೆಸರಿನ ಅರ್ಥ. ರಾಜಮನ್ನಾರ್ ಮುಂದೆ 1948ರಿಂದ 1961ರವರೆಗೆ ಮದರಾಸು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು.

1920ರ ದಶಕದ ಕೊನೆಯಲ್ಲಿ ರಾಘವರು ಇಂಗ್ಲೆಂಡಿಗೆ ತೆರಳಿ ಅಲ್ಲಿನ ರಂಗಭೂಮಿಯನ್ನು ಕಂಡರು. ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು. ಅವರ ‘ದೀನಬಂಧು ಕಬೀರ’ ನಾಟಕವನ್ನು ಗಾಂಧೀಜಿ ನೋಡಿ ಮೆಚ್ಚಿದ ಪ್ರಸಂಗ ರಂಗವಲಯದಲ್ಲಿ ಇಂದಿಗೂ ಪ್ರಸಿದ್ಧ.

ಸರ್ಕಾರದ ಬಿರುದು, ಜನರ ಪಕ್ಷ

ಸರ್ಕಾರದ ಪರ ವಾದಿಸಿದ, ಸರ್ಕಾರದಿಂದ ಬಿರುದು ಪಡೆದ ವ್ಯಕ್ತಿ ಸರ್ಕಾರದ ಆಳಾಗಿರಲಿಲ್ಲ ಎಂಬುದಕ್ಕೆ ಅವರ ಚಲನಚಿತ್ರಗಳೇ ನಿದರ್ಶನ. 1936ರ ‘ದ್ರೌಪದಿ ಮಾನಸಂರಕ್ಷಣಂ’ನಲ್ಲಿ ಅವರು ದುರ್ಯೋಧನ. 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶಿಸಿದ ‘ರೈತು ಬಿಡ್ಡ’ದಲ್ಲಿ ಜಮೀನ್ದಾರಿ ದಬ್ಬಾಳಿಕೆಗೆ ಸಿಲುಕಿದ ರೈತ. ಜಮೀನ್ದಾರರ ಆಕ್ರೋಶಕ್ಕೆ ಗುರಿಯಾದ ಈ ಚಿತ್ರದ ಪ್ರದರ್ಶನವನ್ನು ಬ್ರಿಟಿಷ್ ಆಡಳಿತ ಕೆಲವೆಡೆ ನಿಷೇಧಿಸಿತು. 1940ರ ‘ಚಂಡಿಕ’ ಅವರು ನಟಿಸಿದ ಮತ್ತೊಂದು ಚಿತ್ರ. ಪ್ರಾಸಿಕ್ಯೂಟರ್ ಆಗಿದ್ದವರು ಸಾಲದಲ್ಲಿ ಮುಳುಗಿದ ರೈತನ ಪಾತ್ರ ಒಪ್ಪಿಕೊಂಡದ್ದರಲ್ಲಿ ವಿರೋಧಾಭಾಸ ಕಾಣಬೇಕಿಲ್ಲ. ಅಭಿಯೋಜಕ ಪ್ರತಿನಿಧಿಸುವುದು ಸಾರ್ವಜನಿಕರನ್ನು; ಆಳುವವರನ್ನಲ್ಲ. ಹುದ್ದೆಯ ಹೆಸರಿನಲ್ಲಿರುವ ಪಬ್ಲಿಕ್ ಎಂಬ ಪದದ ಅರ್ಥವೂ ಅದೇ.

1946ರ ಏಪ್ರಿಲ್ 16ರಂದು ರಾಘವರು ನಿಧನರಾದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಉಳಿದವು ಮೈಸೂರಿಗೂ ಸೇರಿದವು. ರಾಘವರನ್ನು ಮಾತ್ರ ಇಬ್ಭಾಗ ಮಾಡಲು ಯಾರಿಂದಲೂ ಆಗಲಿಲ್ಲ. ಕನ್ನಡಿಗರೂ ತೆಲುಗರೂ ಅವರನ್ನು ತಮ್ಮವರೆಂದೇ ಭಾವಿಸುತ್ತಾರೆ. 1981ರಲ್ಲಿ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಅದೇ ನೆಲ, ಹೊಸ ಅಪರಾಧ

ಅಂದು ಎಳೆದ ಆ ಗಡಿರೇಖೆಯ ಆಸುಪಾಸಿನಲ್ಲೇ ಅರ್ಧ ಶತಮಾನದ ಬಳಿಕ ಅಕ್ರಮ ಗಣಿಗಾರಿಕೆಯ ಹಗರಣ ಸ್ಫೋಟಿಸಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2008 ಮತ್ತು 2011ರಲ್ಲಿ ವರದಿಗಳನ್ನು ಸಲ್ಲಿಸಿದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. 2009ರಲ್ಲಿ ಸಿಬಿಐ ದಾಖಲಿಸಿದ ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರಿಗೆ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು. ಮರುತಿಂಗಳೇ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ವಿಚಾರಣಾ ನ್ಯಾಯಾಲಯದ ತೀರ್ಪಿಗೇ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಕಾನೂನಿನ ಅಸ್ತ್ರಗಳು ಈಗ ಹೆಚ್ಚಿವೆ. ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ 2000ದಲ್ಲಿ ರೂಪುಗೊಂಡಿತು. ಅದರಡಿ ವಿಶೇಷ ನ್ಯಾಯಾಲಯ, ವಿಶೇಷ ಅಭಿಯೋಜಕರಿಗೆ ಅವಕಾಶವಿದೆ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2002ರದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸಂಘಟಿತ ಅಪರಾಧವನ್ನು ವ್ಯಾಖ್ಯಾನಿಸಿ, ಆರ್ಥಿಕ ಅಪರಾಧಗಳನ್ನೂ ಅದರಲ್ಲಿ ಸೇರಿಸಿದೆ. ಅಪರಾಧದಿಂದ ಗಳಿಸಿದ ಆಸ್ತಿಯನ್ನು ಜಪ್ತಿ ಮಾಡಿ ಸಂತ್ರಸ್ತರಿಗೆ ಹಂಚಲು ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಂ ಅವಕಾಶ ಕಲ್ಪಿಸಿದೆ.

ಆದರೆ ಅಭಿಯೋಜಕರ ಮೂಲ ಕೆಲಸ ಬದಲಾಗಿಲ್ಲ. ಡಕಾಯಿತರ ಒಡವೆಯ ಜಾಗದಲ್ಲಿ ಈಗ ಬ್ಯಾಂಕ್ ಖಾತೆಗಳಿವೆ. ಗುರುತು ಹಿಡಿಯುವ ಸಾಕ್ಷಿಯ ಜಾಗದಲ್ಲಿ ಕಂಪ್ಯೂಟರ್ ದಾಖಲೆಗಳಿವೆ. ಸಾವಿರಾರು ಪುಟಗಳ ದೋಷಾರೋಪ ಪಟ್ಟಿಯನ್ನು ಓದಿ, ಅಧಿಕಾರಿ, ಮಧ್ಯವರ್ತಿ, ಫಲಾನುಭವಿ ನಡುವಿನ ಕೊಂಡಿಯನ್ನು ನ್ಯಾಯಾಧೀಶರಿಗೆ ಮನಗಾಣಿಸಬೇಕು. ಮಾಫಿಸಾಕ್ಷಿಯ ಮಾತನ್ನು ಒರೆಗೆ ಹಚ್ಚಬೇಕು. ಸಾಕ್ಷಿಗಳು ತಿರುಗಿಬೀಳದಂತೆ ನೋಡಿಕೊಳ್ಳಬೇಕು. ಒತ್ತಡ ಬಂದಾಗ ಮೊಕದ್ದಮೆ ಹಿಂಪಡೆಯದ ದಿಟ್ಟತನ, ಪುರಾವೆ ಇಲ್ಲದಾಗ ಹಿಂಪಡೆಯುವ ಪ್ರಾಮಾಣಿಕತೆ ಎರಡೂ ಇರಬೇಕು. ಇದನ್ನು ಯಾವ ಕಾಯ್ದೆಯೂ ಬರೆದುಕೊಡಲಾರದು.

ರಾಘವರ ಹೆಸರನ್ನು ನಾಟಕದವರು ಉಳಿಸಿಕೊಂಡಿದ್ದಾರೆ. ಅವರ ಮತ್ತೊಂದು ಮುಖವನ್ನು ನೆನೆಯುವ ಹೊಣೆ ನ್ಯಾಯಾಂಗದವರದು. ಮುಂದಿನ ಬಾರಿ ಕಲಾಮಂದಿರದ ಮುಂದೆ ಹಾದುಹೋಗುವ ಯುವ ವಕೀಲರು, ಆ ಹೆಸರು ತಮ್ಮ ವೃತ್ತಿಬಾಂಧವರೊಬ್ಬರದೂ ಹೌದು ಎಂದು ಸ್ಮರಿಸಿದರೆ ಅದೇ ಅವರಿಗೆ ಸಲ್ಲುವ ಗೌರವ.